ಮುಂಬೈಯಲ್ಲಿ ಕ್ಯಾಮೆರಾ ಮತ್ತು ಮೈಕು: ನಟನೆ, ಸ್ಟ್ಯಾಂಡಪ್ ಎರಡರಿಂದಲೂ ಬದುಕು ಕಟ್ಟಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಮುಂಬೈಯಲ್ಲಿ ನಟನೆಯಿಂದಲೇ ಹೊಟ್ಟೆ ಹೊರೆಯುವವರ ಒಂದು ತಿಂಗಳನ್ನು ಬಿಡಿಸಿ ನೋಡಿದರೆ ಶೂಟಿಂಗ್ ಇದ್ದ ದಿನಗಳು ಬೆರಳೆಣಿಕೆಯಷ್ಟು. ಮಿಕ್ಕದ್ದೆಲ್ಲ ಆಡಿಷನ್, ಸೆಲ್ಫ್ ಟೇಪ್ (ಮನೆಯಲ್ಲೇ ಚಿತ್ರೀಕರಿಸಿ ಕಳಿಸುವ ಆಡಿಷನ್), ಫೋನಿಗೆ ಕಾಯುವುದು, ಬರಬೇಕಾದ ದುಡ್ಡಿಗೆ ಮೆಸೇಜು ಹಾಕುವುದು. ಆ ಮಿಕ್ಕ ದಿನಗಳು ಹೇಗೆ ಕಳೆಯುತ್ತವೆ ಅನ್ನುವುದರ ಮೇಲೆಯೇ ಮೂರನೇ ವರ್ಷಕ್ಕೆ ನೀವು ಇಲ್ಲಿರುತ್ತೀರೋ ಊರಿನ ಬಸ್ಸು ಹತ್ತಿರುತ್ತೀರೋ ಅನ್ನುವುದು ನಿಂತಿದೆ. ಸ್ಟ್ಯಾಂಡಪ್, ಅಂದರೆ ಒಂಟಿಯಾಗಿ ಮೈಕ್ ಹಿಡಿದು ನಗಿಸುವ ಕಲೆ, ಕೈಹಿಡಿಯುವುದು ಇಲ್ಲೇ. ಪಾತ್ರ ಕೊಡುವುದು ಇನ್ನೊಬ್ಬರ ಕೈಯಲ್ಲಿದೆ. ಐದು ನಿಮಿಷದ ‘ಸೆಟ್’ (ಜೋಕುಗಳ ಸರಣಿ) ಬರೆದು ಈ ವಾರವೇ ಮೈಕ್ ಮುಂದೆ ಹೇಳಲು ಯಾರ ಅಪ್ಪಣೆಯೂ ಬೇಡ. ಬರೆದದ್ದು ನಿಮ್ಮದೇ ಆಸ್ತಿಯಾಗಿ ಉಳಿಯುತ್ತದೆ.

ಡೊಂಬಿವಲಿ, ಥಾಣೆ, ಕುರ್ಲಾ, ಭಾಯಂದರ್ ಕಡೆ ಹುಟ್ಟಿ ಬೆಳೆದ ಕನ್ನಡಿಗರನ್ನೂ, ಕುಂದಾಪುರ, ಧಾರವಾಡ, ವಿಜಯಪುರದಿಂದ ಈಗಷ್ಟೇ ಬಂದಿಳಿದವರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ.

ಮೊದಲು ನೆಲೆ

ಆರು ತಿಂಗಳ ಬಾಡಿಗೆ, ಊಟ, ರೈಲಿನ ಪಾಸು, ಫೋನು ಇಷ್ಟಕ್ಕೆ ಸಾಲುವ ಹಣವಿಲ್ಲದೆ ಬರಬೇಡಿ. ಆರೇ ತಿಂಗಳು ಯಾಕೆಂದರೆ, ಮೊದಲ ಎರಡು ತಿಂಗಳು ಜಾಗ, ಜನ, ಭಾಷೆಯ ಧಾಟಿ ತಿಳಿಯುವುದಕ್ಕೇ ಹೋಗುತ್ತದೆ. ಮೂರನೇ ತಿಂಗಳು ಒಂದು ಸಣ್ಣ ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ, ಅದರ ದುಡ್ಡು ಸಾಮಾನ್ಯವಾಗಿ 90 ದಿನದ ಮೇಲೆ ಬರುತ್ತದೆ. ಅಲ್ಲಿಗೆ ಆರು ತಿಂಗಳಾಯಿತು.

ಬಾಡಿಗೆ ಮನೆಗೆ ಇಲ್ಲಿ ಮಾಡುವುದು ‘ಲೀವ್ ಅಂಡ್ ಲೈಸೆನ್ಸ್’ ಕರಾರು, ಹೆಚ್ಚಾಗಿ 11 ತಿಂಗಳಿಗೆ. ಮಹಾರಾಷ್ಟ್ರದಲ್ಲಿ ಅದನ್ನು ನೋಂದಾಯಿಸಲೇಬೇಕು, ಹೊಣೆ ಮನೆ ಮಾಲೀಕರದು. ನೋಂದಣಿ ಇಲ್ಲದಿದ್ದರೆ ಜಗಳದಲ್ಲಿ ಬೇರೆ ಸಾಕ್ಷ್ಯ ಬರುವವರೆಗೆ ಬಾಡಿಗೆದಾರರ ಮಾತಿಗೇ ಕಾನೂನು ಬೆಲೆ ಕೊಡುತ್ತದೆ, ಆದರೂ ನೋಂದಾಯಿಸದ ಕಾಗದವನ್ನು ನಂಬಿ ಡಿಪಾಸಿಟ್ ಕೊಡಬೇಡಿ.

ಕೆಲಸದ ಸೀಮೆ ಪಶ್ಚಿಮ ರೈಲ್ವೆಯ ಉದ್ದಕ್ಕೂ ಹಬ್ಬಿದೆ. ಪಾತ್ರಗಳಿಗೆ ನಟರನ್ನು ಆರಿಸುವ ಕಾಸ್ಟಿಂಗ್ ಆಫೀಸುಗಳು ಬಹುಪಾಲು ವರ್ಸೋವಾದ ಆರಾಮ್ ನಗರ, ಯಾರಿ ರೋಡ್, ಓಶಿವಾರಾ, ವೀರಾ ದೇಸಾಯಿ ರೋಡ್ ಸುತ್ತಮುತ್ತ. ಫಿಲ್ಮ್ ಸಿಟಿ ಗೋರೆಗಾಂವ್ ಪೂರ್ವದಲ್ಲಿ. ಸೀರಿಯಲ್ ಸೆಟ್‌ಗಳು ನಾಯ್‌ಗಾಂವ್, ಮೀರಾ ರೋಡ್, ಮಡ್ ಐಲ್ಯಾಂಡಿನ ಬಂಗಲೆಗಳವರೆಗೂ ಚದುರಿವೆ. ಡೊಂಬಿವಲಿಯಲ್ಲಿ ಸೋದರಮಾವನ ಮನೆ ಇದ್ದರೆ ಬಾಡಿಗೆ ಉಳಿಯುತ್ತದೆ, ನಿಜ. ಸೆಂಟ್ರಲ್ ಲೈನಿನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೊದಲ್ಲಿ ವರ್ಸೋವಾ, ಇಳಿದು ಆಟೊ ಹಿಡಿದರೆ ಆರಾಮ್ ನಗರ. ಒಂದು ಕಡೆಗೇ ಎರಡು ಗಂಟೆ ಹಿಡಿದುಕೊಳ್ಳಿ. ‘ನಾಲ್ಕಕ್ಕೆ ಬನ್ನಿ’ ಎಂಬ ಮೆಸೇಜು ಮಧ್ಯಾಹ್ನ ಎರಡಕ್ಕೆ ಬರುವ ವೃತ್ತಿ ಇದು. ಮೊದಲ ವರ್ಷ ಸಂಬಂಧಿಕರ ಮನೆಯಲ್ಲಿದ್ದು, ಕರೆಗಳು ಹೆಚ್ಚಾದ ಮೇಲೆ ಅಂಧೇರಿ ಕಡೆ ಹಂಚಿಕೊಂಡ ರೂಮಿಗೆ ಬರುವುದು ನಮ್ಮ ಪ್ರಕಾರ ಜಾಣತನ.

ದೂರದಿಂದ ಬರುವವರ ಚೀಲದಲ್ಲಿ ಸದಾ ಇರಬೇಕಾದ್ದು: ಚಿತ್ತಾರವಿಲ್ಲದ ಸಾದಾ ಎರಡು ಅಂಗಿ, ಒಂದು ಇಸ್ತ್ರಿ ಮಾಡಿದ ಫಾರ್ಮಲ್ ಅಂಗಿ, ಒಂದು ಕುರ್ತಾ, ಬಾಚಣಿಗೆ, ಬೆವರೊರೆಸಲು ಟಿಶ್ಯೂ, ಪವರ್ ಬ್ಯಾಂಕ್. ಅಚ್ಚ ಬಿಳಿ ಬೇಡ, ಕ್ಯಾಮೆರಾ ಮುಖವನ್ನು ಕಪ್ಪಾಗಿಸುತ್ತದೆ. ಸಣ್ಣ ಗೆರೆಯ ಬಟ್ಟೆಯೂ ಬೇಡ, ತೆರೆಯ ಮೇಲೆ ಅಲೆ ಎದ್ದಂತೆ ಕಾಣುತ್ತದೆ.

ನಾಲಿಗೆಯ ಕೆಲಸ

ಕನ್ನಡಿಗರು ಹಿಂದಿ ಆಡಿಷನ್‌ನಲ್ಲಿ ಎಡವುವ ಜಾಗಗಳು ಲೆಕ್ಕ ಹಿಡಿದಂತೆ ನಾಲ್ಕು. ಒಂದೊಂದನ್ನೂ ಬೇರೆ ಬೇರೆಯಾಗಿ ತಿದ್ದಬೇಕು. ‘ಹಿಂದಿ ಸುಧಾರಿಸಿಕೊಳ್ಳುತ್ತೇನೆ’ ಅಂತ ಒಟ್ಟಾರೆ ಹೊರಟರೆ ಯಾವುದೂ ಸುಧಾರಿಸುವುದಿಲ್ಲ.

ಮಹಾಪ್ರಾಣ ಮೊದಲನೆಯದು. ಬರೆಯುವಾಗ ಭ, ಧ, ಘ ಬರೆದರೂ ಆಡುಮಾತಿನಲ್ಲಿ ನಾವು ಬ, ದ, ಗ ಎಂದೇ ಅನ್ನುತ್ತೇವೆ. ಹಿಂದಿಯಲ್ಲಿ ‘ಭಾಗ್’ ಅಂದರೆ ಓಡು, ‘ಬಾಗ್’ ಅಂದರೆ ತೋಟ. ಅಂಗೈಯನ್ನು ತುಟಿಯಿಂದ ನಾಲ್ಕು ಬೆರಳು ದೂರ ಹಿಡಿದು ಎರಡನ್ನೂ ಹೇಳಿ ನೋಡಿ. ‘ಭಾ’ದಲ್ಲಿ ಬಿಸಿಯುಸಿರು ಅಂಗೈಗೆ ಬಡಿಯಬೇಕು. ದಿನಕ್ಕೆ ಹತ್ತು ನಿಮಿಷದಂತೆ ಎರಡು ತಿಂಗಳು ಮಾಡಿದರೆ ಕಿವಿ ತಾನೇ ತಪ್ಪು ಹಿಡಿಯತೊಡಗುತ್ತದೆ. ಎರಡನೆಯದು ಪದದ ಕೊನೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಹಾಗಾಗಿ ‘ಕಾಮ್’ ಅನ್ನುವಲ್ಲಿ ತೆಳ್ಳಗೆ ‘ಕಾಮ’ ಬಂದುಬಿಡುತ್ತದೆ, ‘ಬಾತ್’ ಅನ್ನುವುದು ‘ಬಾತು’ ಆಗುತ್ತದೆ. ಕೊನೆಯ ವ್ಯಂಜನದಲ್ಲಿ ಬಾಯಿ ಮುಚ್ಚಿ ಒಂದು ಕ್ಷಣ ನಿಲ್ಲುವುದನ್ನು ಅಭ್ಯಾಸ ಮಾಡಿ. ಮೂರನೆಯದು ಲಿಂಗ: ಗಾಡಿ ‘ಆಯೀ’, ಟ್ರಕ್ ‘ಆಯಾ’. ಕನ್ನಡದಲ್ಲಿ ವಸ್ತುವೆಲ್ಲ ನಪುಂಸಕವಾದ್ದರಿಂದ ಇದು ತರ್ಕಕ್ಕೆ ಸಿಗುವುದಿಲ್ಲ. ಹೊಸ ನಾಮಪದ ಕಲಿಯುವಾಗೆಲ್ಲ ‘ಮೇರಾ’ ಅಥವಾ ‘ಮೇರೀ’ ಸೇರಿಸಿಯೇ ಬಾಯಿಪಾಠ ಮಾಡಿ. ನಾಲ್ಕನೆಯದು ಜ಼, ಫ಼ ಧ್ವನಿ. ‘ಜ಼ಿಂದಗಿ’ಯನ್ನು ಬರೀ ‘ಜಿಂದಗಿ’ ಅಂದರೆ ಪಾತ್ರಕ್ಕೆ ಬೇಡದ ಊರೊಂದು ಅಂಟಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೂ, ಊರಿನ ಧಾಟಿಯನ್ನು ಉಜ್ಜಿ ಅಳಿಸಿಹಾಕಬೇಡಿ. ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯಲು ಬರಬೇಕು, ಅಷ್ಟೇ. ಪ್ರೊಫೈಲಿನಲ್ಲಿ ‘ಕನ್ನಡ’ ಎಂದು ಒಂದೇ ಪದ ಬರೆಯುವ ಬದಲು ‘ಕುಂದಾಪುರ ಕನ್ನಡ’, ‘ಧಾರವಾಡ ಕನ್ನಡ’, ‘ತುಳು’, ‘ಕಾರವಾರ ಕೊಂಕಣಿ’ ಎಂದು ಬಿಡಿಸಿ ಬರೆಯಿರಿ. ಮರಾಠಿ ಬಂದರೆ ಅದನ್ನೂ ಹಾಕಿ, ಮರಾಠಿ ಸೀರಿಯಲ್ಲಿನ ಸಣ್ಣ ಪಾತ್ರಗಳು ಇಲ್ಲಿ ಸದಾ ಇರುತ್ತವೆ.

ಈ ನಾಲಿಗೆಯೇ ಅನ್ನ ಕೊಡುವ ಇನ್ನೊಂದು ಜಾಗ ಡಬ್ಬಿಂಗ್. ಹಿಂದಿ ಜಾಹೀರಾತುಗಳ ಕನ್ನಡ ಆವೃತ್ತಿ ಎಷ್ಟೋ ಸಲ ಅಂಧೇರಿಯ ಸ್ಟುಡಿಯೋಗಳಲ್ಲೇ ತಯಾರಾಗುತ್ತದೆ. ಕರ್ನಾಟಕದಲ್ಲಿ ಡಬ್ಬಿಂಗ್ ತಡೆಯುವುದರ ವಿರುದ್ಧ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ಸಿನಿಮಾ, ಸೀರಿಯಲ್ಲುಗಳಿಗೂ ದಾರಿ ತೆರೆಯಿತು. ಧ್ವನಿ ಮಾದರಿಗೆ 30 ಸೆಕೆಂಡಿನ ಮೂರು ತುಣುಕು ಸಾಕು: ಒಂದು ಚುರುಕಾದ ಜಾಹೀರಾತು, ಒಂದು ಮೆಲುದನಿಯ ನಿರೂಪಣೆ, ಒಂದು ಪಾತ್ರದ ಮಾತು. ಡಬ್ಬಿಂಗ್ ತಪ್ಪುವುದು ದನಿಯಿಂದಲ್ಲ, ಉದ್ದದಿಂದ. ‘ಖರೀದೋ’ ಎಂಬ ಮೂರು ಅಕ್ಷರದ ಜಾಗಕ್ಕೆ ‘ಖರೀದಿಸಿರಿ’ ಹಿಡಿಸುವುದಿಲ್ಲ, ‘ಕೊಳ್ಳಿ’ ಹಿಡಿಸುತ್ತದೆ. ಮೈಕ್ ಮುಂದೆ ನಿಂತೇ ಹೀಗೆ ಸಾಲು ಚಿಕ್ಕದು ಮಾಡಿಕೊಡುವವರನ್ನು ಸ್ಟುಡಿಯೋದವರು ಮತ್ತೆ ಮತ್ತೆ ಕರೆಯುತ್ತಾರೆ.

ಫೋಟೊ ಮತ್ತು ಪ್ರೊಫೈಲ್

ದುಬಾರಿ ಪೋರ್ಟ್‌ಫೋಲಿಯೊ ಬೇಡವೇ ಬೇಡ. ಒಳ್ಳೆಯ ಫೋನು, ಬೆಳಗ್ಗೆ ಎಂಟರಿಂದ ಹತ್ತರವರೆಗಿನ ನೆರಳಿನ ಬೆಳಕು, ಖಾಲಿ ಗೋಡೆ ಇದ್ದರೆ ಸಾಕು. ಬೇಕಾದವು ಆರು: ಮುಖದ ಕ್ಲೋಸಪ್ ನಗುವಿಲ್ಲದೆ ಒಂದು, ಹಲ್ಲು ಕಾಣುವ ನಗುವಿನದು ಒಂದು, ಎಡ ಮತ್ತು ಬಲ ಪಕ್ಕ, ಸೊಂಟದವರೆಗೆ, ಕಾಲಿನವರೆಗೆ. ಫಿಲ್ಟರ್ ಹಾಕಬೇಡಿ. ಕಾಸ್ಟಿಂಗ್‌ನವರು ಬಾಗಿಲಲ್ಲಿ ನಿಂತ ನಿಮ್ಮನ್ನೂ ಫೋಟೊವನ್ನೂ ಹೋಲಿಸಿ ನೋಡುತ್ತಾರೆ, ವ್ಯತ್ಯಾಸ ಕಂಡರೆ ಅಲ್ಲಿಗೇ ಮುಗಿಯಿತು. ಗಡ್ಡ ಬಿಟ್ಟರೆ, ಕೂದಲು ಕತ್ತರಿಸಿದರೆ ಫೋಟೊ ಹೊಸದು ತೆಗೆಯಿರಿ.

ಪ್ರೊಫೈಲಿನಲ್ಲಿ ಹೆಸರು, ಎತ್ತರ, ಯಾವ ವಯಸ್ಸಿನಿಂದ ಯಾವ ವಯಸ್ಸಿನವರೆಗೆ ಒಪ್ಪುತ್ತೀರಿ ಎಂಬುದು, ಭಾಷೆಗಳು, ನಿಜವಾಗಿ ಬರುವ ಕೌಶಲಗಳು, ಫೋನ್ ನಂಬರ್, ಒಂದು ನಿಮಿಷದ ವಿಡಿಯೊ ಕೊಂಡಿ ಇರಲಿ. ಯಕ್ಷಗಾನದ ಹೆಜ್ಜೆ ಬಂದರೆ ಬರೆಯಿರಿ, ಕುದುರೆ ಸವಾರಿ ಬರದಿದ್ದರೆ ಬರೆಯಬೇಡಿ. ಹಾಗೆ ಬರೆದ ಸುಳ್ಳು ಸೆಟ್ಟಿನಲ್ಲೇ ಬಯಲಾಗುತ್ತದೆ.

ಆಡಿಷನ್: ಇದೇ ನಿತ್ಯದ ಕಸುಬು

ಜಾಹೀರಾತಿನ ಆಡಿಷನ್ ಹೆಚ್ಚೆಂದರೆ ಮೂರು ನಿಮಿಷ. ಹೆಸರು, ಎತ್ತರ, ಊರು, ಶೂಟಿಂಗ್ ದಿನಾಂಕಕ್ಕೆ ಖಾಲಿ ಇದ್ದೀರಾ, ಅದೇ ಬಗೆಯ ಬೇರೆ ಬ್ರ್ಯಾಂಡಿಗೆ ಇತ್ತೀಚೆಗೆ ಮಾಡಿದ್ದೀರಾ ಎಂದು ಕೇಳಿ, ಎಡ ಪಕ್ಕ, ಬಲ ಪಕ್ಕ ತಿರುಗಿಸಿ, ಕೈಗಳ ಎರಡೂ ಬದಿ ತೋರಿಸಿ ಅನ್ನುತ್ತಾರೆ. ಇಂಟ್ರೊ ಹೇಳುವಾಗ ಲೆನ್ಸನ್ನೇ ನೋಡಿ, ದೃಶ್ಯ ಮಾಡುವಾಗ ಲೆನ್ಸನ್ನು ನೋಡಬೇಡಿ. ಎರಡನ್ನೂ ಅದಲುಬದಲು ಮಾಡುವವರು ಪ್ರತಿದಿನ ಇರುತ್ತಾರೆ.

ಕನ್ನಡ ರಂಗಭೂಮಿಯಿಂದ ಬಂದವರಿಗೆ ಒಂದು ಎಚ್ಚರಿಕೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರದಲ್ಲೋ ಕೊನೆಯ ಸಾಲಿನವರೆಗೂ ದನಿ ಮುಟ್ಟಿಸಿದ ಅಭ್ಯಾಸ ಇಲ್ಲಿ ತಿರುಗುಬಾಣ. ಕ್ಯಾಮೆರಾದಲ್ಲಿ ಮೈಕು ತಲೆಯ ಮೇಲೆ ಎರಡಡಿ ದೂರದಲ್ಲಿರುತ್ತದೆ. ಅಳತೆ ಹೀಗಿಟ್ಟುಕೊಳ್ಳಿ: ಪಕ್ಕದ ಮಂಚದಲ್ಲಿ ಯಾರೋ ಮಲಗಿದ್ದಾರೆ, ಅವರಿಗೆ ಎಚ್ಚರವಾಗದಂತೆ ಎದುರಿನವರಿಗೆ ಹೇಳಬೇಕು. ಅಷ್ಟು ದನಿಯಲ್ಲಿ ದೃಶ್ಯವನ್ನು ಮೂರು ಸಲ ಹೇಳಿದರೆ ಹುಬ್ಬು, ಕೈ ಎಲ್ಲ ತಾವಾಗಿ ಇಳಿಯುತ್ತವೆ. ರಂಗದಿಂದ ತರಬೇಕಾದ ಒಳ್ಳೆಯದೂ ಇದೆ: ಮಾತು ನೆನಪಿಡುವ ಶಕ್ತಿ, ಎದುರಿನವರ ಮಾತು ಕೇಳಿಸಿಕೊಳ್ಳುವ ತಾಳ್ಮೆ. ಅದನ್ನು ಬಿಡಬೇಡಿ.

ಈಗ ಸೆಲ್ಫ್ ಟೇಪ್. ಆಡಿಷನ್ನಿನ ದೊಡ್ಡ ಪಾಲು ಈಗ ಮನೆಯಿಂದಲೇ ಹೋಗುತ್ತದೆ, ಆದ್ದರಿಂದ ಹಂತ ಹಂತವಾಗಿ ನೋಡೋಣ.

1. ಬಂದ ಸೂಚನೆಯನ್ನು ಎರಡು ಸಲ ಓದಿ. ಅಡ್ಡ ಚೌಕಟ್ಟೋ ಉದ್ದ ಚೌಕಟ್ಟೋ, ಎಷ್ಟು ಟೇಕ್, ಕೊನೆಯ ಗಡುವು ಯಾವಾಗ ಎಂದು ಗುರುತು ಮಾಡಿಕೊಳ್ಳಿ. ಏನೂ ಹೇಳದಿದ್ದರೆ ಅಡ್ಡವೇ.

2. ಹಿಂದೆ ಬೂದು ಅಥವಾ ಮಂಕು ನೀಲಿ ಬೆಡ್‌ಶೀಟ್ ಸುಕ್ಕಿಲ್ಲದೆ ಬಿಗಿಯಿರಿ. ಅದರಿಂದ ಮೂರಡಿ ಮುಂದೆ ನಿಲ್ಲಿ, ಅಂಟಿಕೊಂಡು ನಿಂತರೆ ನೆರಳು ಬೀಳುತ್ತದೆ.

3. ಫೋನು ಕಣ್ಣಿನ ಮಟ್ಟದಲ್ಲಿ, ಟ್ರೈಪಾಡ್ ಮೇಲೆ. ಹಿಂಬದಿಯ ಕ್ಯಾಮೆರಾ, 1080ಪಿ. ಕಿಟಕಿ ನಿಮ್ಮ ಎದುರು ಓರೆಗಿರಲಿ, ಬೆನ್ನಿಗೆ ಬೇಡ. ಎದೆಯಿಂದ ಮೇಲಕ್ಕೆ ಕಾಣಲಿ, ತಲೆಯ ಮೇಲೆ ಎರಡು ಬೆರಳು ಜಾಗ ಬಿಡಿ.

4. ಫ್ಯಾನು ನಿಲ್ಲಿಸಿ. ಕುಕ್ಕರ್ ಸೀಟಿ, ರೈಲಿನ ಸದ್ದು ಇರುವ ಹೊತ್ತು ತಪ್ಪಿಸಿ. ಹತ್ತು ಸೆಕೆಂಡು ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿದ ಮೇಲೆಯೇ ಶುರು ಮಾಡಿ.

5. ಎದುರು ಪಾತ್ರದ ಸಾಲು ಓದುವವರು ಲೆನ್ಸಿನ ಪಕ್ಕಕ್ಕೇ ನಿಲ್ಲಲಿ, ನಿಮಗಿಂತ ಮೆಲ್ಲಗೆ ಓದಲಿ. ಅವರು ಫೋನಿನ ಹತ್ತಿರ ಇರುವುದರಿಂದ ಅವರ ದನಿಯೇ ಜೋರಾಗುವುದು ಅತಿ ಸಾಮಾನ್ಯ ತಪ್ಪು.

6. ಎರಡು ಟೇಕ್ ಕಳಿಸಿ, ಎರಡರಲ್ಲೂ ಮನಸ್ಸಿನ ಉದ್ದೇಶ ಬೇರೆ ಇರಲಿ. ಒಂದರಲ್ಲಿ ಎದುರಿನವರಿಂದ ಕ್ಷಮೆ ಬೇಕು, ಇನ್ನೊಂದರಲ್ಲಿ ಅವರು ಬೇಗ ಹೊರಟುಹೋಗಲಿ ಅನ್ನಿಸಬೇಕು. ಒಂದೇ ಬಗೆಯ ಎರಡು ಟೇಕ್ ಕಳಿಸಿದರೆ ಎರಡನೆಯದನ್ನು ಯಾರೂ ನೋಡುವುದಿಲ್ಲ.

7. ಫೈಲಿಗೆ ಹೆಸರು, ಪಾತ್ರ, ಎತ್ತರ ಸೇರಿಸಿ ಹೆಸರಿಡಿ. ವಾಟ್ಸಾಪಿನಲ್ಲಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಡ್ರೈವ್ ಕೊಂಡಿಯಾದರೆ ಬೇರೆಯವರಿಗೆ ತೆರೆಯುತ್ತದೆಯೇ ಎಂದು ಇನ್ನೊಂದು ಫೋನಿನಲ್ಲಿ ನೋಡಿ.

ಕಳಿಸಿದ ಮೇಲೆ ‘ಏನಾಯ್ತು ಸರ್’ ಎಂದು ಕೇಳಬೇಡಿ. ಆಯ್ಕೆಯಾದರೆ ಅವರೇ ಹುಡುಕುತ್ತಾರೆ. ‘ಶಾರ್ಟ್‌ಲಿಸ್ಟ್’ ಅಂದರೆ ಕೆಲಸ ಸಿಕ್ಕಿತೆಂದಲ್ಲ, ‘ಡೇಟ್ಸ್ ಬ್ಲಾಕ್ ಮಾಡಿ’ ಅಂದರೂ ಅಲ್ಲ. ‘ಲಾಕ್’ ಎಂಬ ಮಾತು ಬಂದು ಸಂಭಾವನೆ ಮೆಸೇಜಿನಲ್ಲಿ ಬರೆದು ಬಂದ ಮೇಲೆ ಮಾತ್ರ ಊರಿಗೆ ಫೋನ್ ಮಾಡಿ ಹೇಳಿ.

ಮೋಸದ ಬಗ್ಗೆ ಉದ್ದಕ್ಕೆ ಹೇಳಬೇಕಿಲ್ಲ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ನೋಂದಣಿ ಶುಲ್ಕ, ಕಡ್ಡಾಯ ಪೋರ್ಟ್‌ಫೋಲಿಯೊ, ‘ಆರ್ಟಿಸ್ಟ್ ಕಾರ್ಡ್’ ಎಂದು ಯಾವ ಹೆಸರಿನಲ್ಲಿ ಕೇಳಿದರೂ ಎದ್ದು ಬನ್ನಿ. ರಾತ್ರಿ ಹೊತ್ತು ಹೋಟೆಲ್ ರೂಮಿನ ‘ಮೀಟಿಂಗ್’ ಎಂದರೂ ಅಷ್ಟೇ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ, ಶೂಟಿಂಗ್ ಸೆಟ್ಟೂ ಕೆಲಸದ ಜಾಗವೇ. ದೂರಿನ ಸಮಿತಿಯಲ್ಲಿ ಯಾರಿದ್ದಾರೆ ಎಂದು ನಿರ್ಮಾಣ ಸಂಸ್ಥೆಯನ್ನು ಕೇಳುವುದು ನಿಮ್ಮ ಹಕ್ಕು. ನಟರ ಸಂಘಟನೆಯಾದ ಸಿಂಟಾ 1958ರಿಂದ ಇದೆ. ಒಂದೆರಡು ಕೆಲಸ ಆದ ಮೇಲೆ ಸದಸ್ಯತ್ವದ ಬಗ್ಗೆ ವಿಚಾರಿಸಿ, ಬಾಕಿ ಹಣದ ತಕರಾರಿನಲ್ಲಿ ಬೆನ್ನಿಗೆ ಒಂದು ಸಂಘಟನೆ ಇರುವುದು ದೊಡ್ಡ ಧೈರ್ಯ.

ಸೆಟ್ಟಿನಲ್ಲಿ

ಸೀರಿಯಲ್ ಶಿಫ್ಟ್ 12 ಗಂಟೆ, ಹೆಚ್ಚಾಗಿ ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು. ಕಾಲ್ ಟೈಮಿಗಿಂತ ಅರ್ಧ ಗಂಟೆ ಮುಂಚೆ ತಲುಪಿ ಎಡಿಗೆ (ಸಹಾಯಕ ನಿರ್ದೇಶಕರಿಗೆ) ಮುಖ ತೋರಿಸಿ. ಸೀನಿನ ಕಾಗದ ಸೆಟ್ಟಿನಲ್ಲೇ ಕೈಗೆ ಬರಬಹುದು, ಅದಕ್ಕೇ ಹತ್ತು ನಿಮಿಷದಲ್ಲಿ ಒಂದು ಪುಟ ಬಾಯಿಪಾಠ ಮಾಡುವ ಅಭ್ಯಾಸ ಮನೆಯಲ್ಲಿ ಬೇಕು. ಮೊದಲು ಇಡೀ ದೃಶ್ಯವನ್ನು ದೂರದಿಂದ ತೆಗೆಯುವ ಮಾಸ್ಟರ್ ಶಾಟ್, ಆಮೇಲೆ ಮುಖವನ್ನು ಹತ್ತಿರದಿಂದ ತೆಗೆಯುವ ಕ್ಲೋಸ್. ಮಾಸ್ಟರಿನಲ್ಲಿ ಯಾವ ಪದಕ್ಕೆ ಲೋಟ ಎತ್ತಿದಿರೋ ಕ್ಲೋಸಿನಲ್ಲೂ ಅದೇ ಪದಕ್ಕೆ ಎತ್ತಬೇಕು, ಇಲ್ಲದಿದ್ದರೆ ಎಡಿಟಿಂಗಿನಲ್ಲಿ ನಿಮ್ಮ ಕ್ಲೋಸೇ ಹಾರಿಹೋಗುತ್ತದೆ. ಹೊಸಬರು ಕೈತುಂಬ ಚಟುವಟಿಕೆ ಇಟ್ಟುಕೊಂಡು ಸಿಕ್ಕಿಬೀಳುವುದು ಇಲ್ಲೇ. ಒಂದು ದೃಶ್ಯಕ್ಕೆ ಒಂದೇ ಕೈಕೆಲಸ ಸಾಕು. ಚಹಾ, ಕುರ್ಚಿ ನೋಡಿಕೊಳ್ಳುವ ಸ್ಪಾಟ್ ದಾದಾನಿಂದ ಹಿಡಿದು ಮೇಕಪ್ ದಾದಾವರೆಗೆ ಎಲ್ಲರ ಹೆಸರು ಮೊದಲ ದಿನವೇ ಕಲಿಯಿರಿ.

ಮೈಕಿನ ಮುಂದೆ

ನಮ್ಮಲ್ಲಿ ಗಂಗಾವತಿ ಪ್ರಾಣೇಶ್, ಪ್ರೊಫೆಸರ್ ಕೃಷ್ಣೇಗೌಡರಂಥವರ ಹಾಸ್ಯ ಭಾಷಣದ ದೊಡ್ಡ ಪರಂಪರೆ ಇದೆ. ಅದನ್ನು ಕೇಳಿ ಬೆಳೆದವರು ಸ್ಟ್ಯಾಂಡಪ್ಪಿಗೆ ಬಂದಾಗ ಮೊದಲು ತಪ್ಪುವುದು ಹೊತ್ತಿನ ಲೆಕ್ಕ. ಹಾಸ್ಯ ಭಾಷಣಕ್ಕೆ ಒಂದು ಗಂಟೆ ಇರುತ್ತದೆ, ಪ್ರಸಂಗವನ್ನು ನಿಧಾನಕ್ಕೆ ಹರಡಬಹುದು. ಓಪನ್ ಮೈಕಿನಲ್ಲಿ, ಅಂದರೆ ಹೊಸಬರೂ ಹೆಸರು ಕೊಟ್ಟು ಹತ್ತಬಹುದಾದ ವೇದಿಕೆಯಲ್ಲಿ, ಸಿಗುವುದು ನಾಲ್ಕೈದು ನಿಮಿಷ. ಮೊದಲ ನಗು ಇಪ್ಪತ್ತು ಸೆಕೆಂಡಿನೊಳಗೆ ಬರಬೇಕು, ಆಮೇಲೆ ನಿಮಿಷಕ್ಕೆ ನಾಲ್ಕರಂತೆ ಬಂದರೆ ಸೆಟ್ ಗಟ್ಟಿಯಾಗಿದೆ ಅನ್ನಬಹುದು.

ಒಂದು ಜೋಕನ್ನು ಬಿಚ್ಚಿ ನೋಡೋಣ. ಮೊದಲ ಕರಡು ಹೀಗಿದೆ:

‘ಚೆಂಬೂರಿನಲ್ಲಿ ನಮ್ಮ ಮಾವನ ಹೋಟೆಲ್ ಇದೆ. ಅಲ್ಲಿ ನಾನು ಐದು ವರ್ಷ ಸಪ್ಲಯರ್ ಆಗಿ ಕೆಲಸ ಮಾಡ್ತಿದ್ದೆ. ಆಮೇಲೆ ನನಗೆ ನಟ ಆಗಬೇಕು ಅಂತ ಆಸೆ ಆಗಿ ಅದನ್ನು ಬಿಟ್ಟೆ. ಆಶ್ಚರ್ಯ ಏನಂದ್ರೆ, ಮೊದಲನೇ ಸೀರಿಯಲ್ಲಿನಲ್ಲಿ ನನಗೆ ಸಪ್ಲಯರ್ ಪಾತ್ರ ಸಿಕ್ಕಿತು.’

ಇದರಲ್ಲಿ ಎರಡು ರೋಗ. ‘ಆಶ್ಚರ್ಯ ಏನಂದ್ರೆ’ ಅನ್ನುತ್ತಲೇ ಕೇಳುಗರು ತಯಾರಾಗಿಬಿಡುತ್ತಾರೆ. ಎರಡನೆಯದು ಕನ್ನಡದ ವ್ಯಾಕರಣಕ್ಕೇ ಸಂಬಂಧಿಸಿದ್ದು: ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ನಗಿಸುವ ಪದ ‘ಸಪ್ಲಯರ್’. ಅದರ ಮೇಲೆ ‘ಪಾತ್ರ ಸಿಕ್ಕಿತು’ ಎಂದು ಎರಡು ಪದ ಹೇರಿದರೆ ಏಳುತ್ತಿದ್ದ ನಗು ಅಲ್ಲೇ ಅಡಗುತ್ತದೆ. ತಿದ್ದಿದ ರೂಪ:

‘ಐದು ವರ್ಷ ಮಾವನ ಹೋಟೆಲಲ್ಲಿ ಸಪ್ಲಯರ್ ಆಗಿದ್ದೆ. ಬಿಟ್ಟು ನಟ ಆದೆ. ಮೊದಲನೇ ಪಾತ್ರ ಸಿಕ್ತು. ಸಪ್ಲಯರ್.’

ಕ್ರಿಯೆಯನ್ನು ಮೊದಲೇ ಮುಗಿಸಿ, ಒಂದು ಉಸಿರು ಬಿಟ್ಟು, ಪದವನ್ನು ಒಂಟಿಯಾಗಿ ಇಡುವುದು ಒಂದು ದಾರಿ. ‘ಬಾಗಿಲು ತೆಗೆದದ್ದು ಯಾರು, ಮಾವ’ ಎಂಬಂತೆ ‘-ದ್ದು’ ರೂಪ ಬಳಸಿ ನಾಮಪದವನ್ನು ಕೊನೆಗೆ ತಳ್ಳುವುದು ಇನ್ನೊಂದು. ಈಗ ಬಾಲ ಕಟ್ಟಿ:

‘ಮಾವ ಗಲ್ಲಾದಲ್ಲಿ ಕೂತು ಟಿವಿ ನೋಡಿದ್ರು. ಒಂದೇ ಮಾತು: “ಮಾಣೀ, ಟೇಬಲ್ ಎಂತಕ್ಕೆ ಒರ್ಸ್‌ಲಿಲ್ಲ?” ಹೋಟೆಲಲ್ಲೂ ಒರೆಸ್ತಿರಲಿಲ್ಲ. ನಟನೆಯಲ್ಲಿ ಸತ್ಯ ಇತ್ತು.’

ಮಾವನ ಸಾಲು ಹೇಳುವಾಗ ಗಲ್ಲಾದ ಹಿಂದೆ ಕೂತವರ ಭುಜ, ಕನ್ನಡಕದ ಮೇಲಿನಿಂದ ನೋಡುವ ಕಣ್ಣು ತನ್ನಿ. ನಟನೆ ಕಲಿತವರಿಗೆ ಉಳಿದ ಕಾಮಿಕ್‌ಗಳಿಗಿಂತ (ಸ್ಟ್ಯಾಂಡಪ್ ಮಾಡುವವರಿಗಿಂತ) ಹೆಚ್ಚಿನ ಬಲ ಸಿಗುವುದು ಇಲ್ಲೇ. ಇದೇ ಜೋಕನ್ನು ಹಿಂದಿಗೆ ತಿರುಗಿಸಿ ಹೇಳಿದರೆ ‘ಮಾಣಿ’ ಸತ್ತುಹೋಗುತ್ತದೆ. ಹಿಂದಿ ಮೈಕಿಗೆ ಅದೇ ಪ್ರಸಂಗವನ್ನು ಬೇರೆ ವಿವರದಿಂದ ಹೊಸದಾಗಿ ಕಟ್ಟಬೇಕು. ಅಲ್ಲಿ ಮಾವ ಕುಂದಾಪುರದ ಧಾಟಿಯ ಹಿಂದಿಯಲ್ಲಿ ಬೈಯಲಿ.

ಸ್ಲಾಟ್ ಸಿಗುವುದು ಹೀಗೆ. ಆಯೋಜಕರು ಇನ್‌ಸ್ಟಾಗ್ರಾಂನಲ್ಲಿ ವಾರದ ಫಾರ್ಮ್ ಹಾಕುತ್ತಾರೆ, ಕೆಲವು ಕಡೆ ಸಣ್ಣ ಶುಲ್ಕವೋ ಒಂದು ಕಾಫಿ ಕೂಪನ್ನೋ ಇರುತ್ತದೆ. ಖಾರ್, ಬಾಂದ್ರಾ, ಅಂಧೇರಿ ಕಡೆ ಮೈಕುಗಳು ಹೆಚ್ಚು. ಜಾಗಗಳು ಮುಚ್ಚುತ್ತ ತೆರೆಯುತ್ತ ಇರುವುದರಿಂದ ಪಟ್ಟಿ ನಂಬದೆ ಆ ವಾರದ ಪೋಸ್ಟು ನೋಡಿ. ಇಪ್ಪತ್ತು ನಿಮಿಷ ಮುಂಚೆ ಹೋಗಿ, ಕೊನೆಯವರೆಗೂ ಕೂತಿರಿ. ನಿಮ್ಮ ಸೆಟ್ ಮುಗಿಸಿ ಎದ್ದು ಹೋದರೆ ಮುಂದಿನ ವಾರ ನೆನಪಿಡುವವರು ಇರುವುದಿಲ್ಲ. ಕೊನೆಯ ಒಂದು ನಿಮಿಷಕ್ಕೆ ಹಿಂದಿನಿಂದ ಲೈಟು ತೋರಿಸುತ್ತಾರೆ. ಕಂಡ ತಕ್ಷಣ ತಲೆಯಾಡಿಸಿ, ಕೈಯಲ್ಲಿದ್ದ ಜೋಕು ಮುಗಿಸಿ ಇಳಿಯಿರಿ. ಲೈಟು ಮೀರಿ ಮಾತಾಡುವುದು ಕೆಟ್ಟ ಜೋಕಿಗಿಂತ ದೊಡ್ಡ ಅಪರಾಧ.

ವೇದಿಕೆ ಹತ್ತಿದ ಮೇಲೆ ಮೈಕನ್ನು ಸ್ಟ್ಯಾಂಡಿನಿಂದ ತೆಗೆದು, ಸ್ಟ್ಯಾಂಡನ್ನು ಹಿಂದಕ್ಕೆ ಸರಿಸಿ. ಮೈಕು ಗದ್ದದ ಮುಂದೆ, ತುಟಿಯಿಂದ ಎರಡು ಬೆರಳು ದೂರ. ತಲೆ ತಿರುಗಿದರೆ ಮೈಕೂ ತಿರುಗಬೇಕು. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದರೆ ದನಿ ಗೊಗ್ಗರಾಗಿ ಸ್ಪೀಕರ್ ಕಿರುಚತೊಡಗುತ್ತದೆ.

ಪ್ರತಿ ಸೆಟ್ಟನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಬೆಳಗ್ಗೆ ಕೇಳಿ. ರಾತ್ರಿಯೇ ಕೇಳಿದರೆ ಮನಸ್ಸು ಒಂದೋ ಹಿಗ್ಗಿರುತ್ತದೆ ಇಲ್ಲವೇ ಕುಗ್ಗಿರುತ್ತದೆ. ಬರೆದ ಹಾಳೆಯ ಪಕ್ಕದಲ್ಲಿ ಪ್ರತಿ ಜೋಕಿಗೆ 0ರಿಂದ 3ರ ಅಂಕ ಹಾಕಿ. ಆರು ಬೇರೆ ಬೇರೆ ಮೈಕುಗಳಲ್ಲಿ 0 ಅಥವಾ 1 ಬಂದರೆ ಮಾತ್ರ ಬಿಡಿ. ಹನ್ನೆರಡು ಜನ ಕಾಮಿಕ್‌ಗಳೇ ತಂತಮ್ಮ ಸರದಿಗೆ ಕಾಯುತ್ತ ಕೂತ ಕೋಣೆಯ ಮೌನವನ್ನು ತೀರ್ಪು ಎಂದು ತಿಳಿಯಬೇಡಿ. ವಾರಕ್ಕೆ ಮೂರ್ನಾಲ್ಕು ಮೈಕು ಹತ್ತಿದರೂ ಗಟ್ಟಿ ಐದು ನಿಮಿಷ ಆಗಲು ತಿಂಗಳುಗಳೇ ಹಿಡಿಯುತ್ತವೆ. ಅದಾದ ಮೇಲೆ ಟಿಕೆಟ್ ಶೋಗಳಲ್ಲಿ ಏಳರಿಂದ ಹತ್ತು ನಿಮಿಷದ ಸ್ಪಾಟು, ನಿರೂಪಣೆ, ಹದಿನೈದು ನಿಮಿಷ, ಕೊನೆಗೆ ಒಂದು ಗಂಟೆಯ ಸೋಲೊ. ನಿರೂಪಣೆಯನ್ನು ಕೀಳಾಗಿ ಕಾಣಬೇಡಿ, ತಣ್ಣಗಿನ ಸಭೆಯನ್ನು ಬೆಚ್ಚಗೆ ಮಾಡುವುದನ್ನು ಅದರಷ್ಟು ಚೆನ್ನಾಗಿ ಬೇರೇನೂ ಕಲಿಸದು.

ಕನ್ನಡ ಸೆಟ್ಟಿಗೆ ಮುಂಬೈಯಲ್ಲಿ ಜಾಗ ಎಂದರೆ ಸಂಘಗಳು. ರಾಜ್ಯೋತ್ಸವ, ವಾರ್ಷಿಕೋತ್ಸವಗಳಲ್ಲಿ ಹದಿನೈದು ನಿಮಿಷ ಕೇಳಿ ನೋಡಿ, ಹೆಚ್ಚಿನವರು ಸಂತೋಷದಿಂದ ಕೊಡುತ್ತಾರೆ. ಅಲ್ಲಿ ಅಜ್ಜಿಯಿಂದ ಮೊಮ್ಮಗುವರೆಗೆ ಎಲ್ಲರೂ ಕೂತಿರುತ್ತಾರೆ. ಬೈಗುಳ ನಡೆಯದು, ಮೈಕು ಭಾಷಣದ ಪೀಠಕ್ಕೆ ಕಟ್ಟಿರುತ್ತದೆ. ಕೈಮೈಕು ಬೇಕೆಂದು ಹಿಂದಿನ ದಿನವೇ ಹೇಳಿಡಿ. ಸನ್ಮಾನದ ನಂತರ, ಊಟಕ್ಕೆ ಮುಂಚಿನ ಹೊತ್ತು ಕೊಟ್ಟರೆ ವಿನಯದಿಂದ ಬೇಡ ಎನ್ನಿ, ಹಸಿದವರು ನಗುವುದಿಲ್ಲ.

ಎರಡೂ ದೋಣಿ ಒಟ್ಟಿಗೆ

ಧಾರಾವಿಯಲ್ಲಿ ಬೆಳೆದ ಜಾನಿ ಲೀವರ್ ಹಿಂದೂಸ್ತಾನ್ ಲೀವರ್ ಕಾರ್ಖಾನೆಯಲ್ಲಿ ದುಡಿಯುತ್ತ, ವೇದಿಕೆಯ ಮಿಮಿಕ್ರಿಯಿಂದ ಹೆಸರು ಮಾಡಿ ಸಿನಿಮಾಕ್ಕೆ ಹೋದವರು. ಮೈಕಿನಿಂದ ಕ್ಯಾಮೆರಾಕ್ಕೆ ಹೋಗುವ ದಾರಿ ಈ ಊರಿಗೆ ಹೊಸದಲ್ಲ. ಈಗ ಆ ದಾರಿ ರೀಲ್ಸ್ ಮೂಲಕ ಹೋಗುತ್ತದೆ. 45ರಿಂದ 90 ಸೆಕೆಂಡಿನ ತುಣುಕು, ಕೆಳಗೆ ದೊಡ್ಡ ಅಕ್ಷರದ ಸಬ್‌ಟೈಟಲ್, ಮೊದಲ ಮೂರು ಸೆಕೆಂಡಿನಲ್ಲೇ ಪ್ರಸಂಗ ಏನೆಂದು ತಿಳಿಯಬೇಕು. ಸೋಲೊಗೆ ಬೇಕಾದ ಒಳ್ಳೆಯ ಜೋಕನ್ನು ಹಾಕಿ ಖರ್ಚು ಮಾಡಬೇಡಿ, ಸಭೆಯ ಜೊತೆ ಆಡಿದ ಮಾತಿನ ತುಣುಕು ಹಾಕಿ. ಮುಖ ತೋರಿಸಲು ಅವರ ಒಪ್ಪಿಗೆ ಪಡೆಯಿರಿ.

ವಾರವನ್ನು ಹೀಗೆ ಹೊಂದಿಸಿಕೊಳ್ಳಿ: ಬೆಳಗ್ಗೆ ಎರಡು ಗಂಟೆ ಬರವಣಿಗೆ ಮತ್ತು ಉಚ್ಚಾರ, ಹನ್ನೊಂದರಿಂದ ಆರರವರೆಗೆ ಆಡಿಷನ್ ಅಥವಾ ಡಬ್ಬಿಂಗ್, ರಾತ್ರಿ ಮೈಕು. ಸೀರಿಯಲ್ಲಿನಲ್ಲಿ ತಿಂಗಳಿಗೆ ಇಪ್ಪತ್ತು ದಿನದ ಪಾತ್ರ ಸಿಕ್ಕರೆ ಮೈಕು ನಿಂತೇ ಹೋಗುತ್ತದೆ. ಆ ಹೊತ್ತಿನಲ್ಲಿ ವಾರಕ್ಕೆ ಒಂದನ್ನಾದರೂ ಉಳಿಸಿಕೊಳ್ಳಿ. ಸೀರಿಯಲ್ ಯಾವ ಶುಕ್ರವಾರವಾದರೂ ಮುಗಿಯಬಹುದು.

ಕಾನೂನಿನ ವಿಷಯ ಎರಡೇ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಧಾರ್ಮಿಕ ಭಾವನೆ ಕೆರಳಿಸುವುದಕ್ಕೆ ಸೆಕ್ಷನ್ 299, ಗುಂಪುಗಳ ನಡುವೆ ದ್ವೇಷ ಹಬ್ಬಿಸುವುದಕ್ಕೆ 196, ಮಾನಹಾನಿಗೆ 356 ಇವೆ. ನಿಮ್ಮ ಮಾತು ಎಲ್ಲಿ ನಿಲ್ಲಬೇಕೆಂಬುದು ನಿಮ್ಮ ನಿರ್ಧಾರ, ಆದರೆ ವೇದಿಕೆಯಲ್ಲಿ ಹೇಳಿದ್ದು ಸಂದರ್ಭ ಕಳಚಿಕೊಂಡು ಮೂವತ್ತು ಸೆಕೆಂಡಿನ ವಿಡಿಯೊ ಆಗಿ ತಿರುಗುತ್ತದೆ ಎಂದು ತಿಳಿದೇ ಹೇಳಿ. ನಾಟಕದ ಪ್ರಯೋಗವಾದರೆ ಮಹಾರಾಷ್ಟ್ರದಲ್ಲಿ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳದ ಪ್ರಮಾಣಪತ್ರ ಬೇಕು.

ದುಡ್ಡಿನ ಪುಸ್ತಕ

ಉದಾಹರಣೆಗೆ ಒಂದು ದಿನದ ಜಾಹೀರಾತಿಗೆ 20,000 ರೂಪಾಯಿ ಅಂದರೆಂದುಕೊಳ್ಳಿ. ಕೆಲಸ ಕೊಡಿಸಿದ ಕೋಆರ್ಡಿನೇಟರ್ ಕಮಿಷನ್ ಶೇ. 20 ಆದರೆ 4,000 ಹೋಯಿತು. ಟಿಡಿಎಸ್ (ಕೊಡುವ ಮೊದಲೇ ಕಡಿತವಾಗುವ ಆದಾಯ ತೆರಿಗೆ) ಶೇ. 10, ಅಂದರೆ 2,000 ಮುರಿದುಕೊಂಡರು ಅಂತಿಟ್ಟುಕೊಳ್ಳಿ. ಕೈಗೆ 14,000, ಅದೂ ಮೂರು ತಿಂಗಳ ಮೇಲೆ. ಆ 2,000 ನಿಮ್ಮದೇ ಹಣ. ರಿಟರ್ನ್ ಸಲ್ಲಿಸಿದರೆ, ತೆರಿಗೆ ಬಾಕಿ ಇಲ್ಲದಿದ್ದರೆ ವಾಪಸು ಬರುತ್ತದೆ. ಎಷ್ಟೋ ಹೊಸಬರು ‘ನನಗೆಲ್ಲಿಯ ಆದಾಯ’ ಎಂದು ರಿಟರ್ನ್ ಹಾಕದೆ ಇದನ್ನು ಬಿಟ್ಟುಕೊಡುತ್ತಾರೆ. ಆದಾಯ ತೆರಿಗೆಯ ಜಾಲತಾಣದಲ್ಲಿ ನಿಮ್ಮ ಹೆಸರಿನ ಟಿಡಿಎಸ್ ಪಟ್ಟಿ ತೆಗೆದು, ಮುರಿದುಕೊಂಡವರು ನಿಜಕ್ಕೂ ಕಟ್ಟಿದ್ದಾರೆಯೇ ನೋಡಿ. ಸಿನಿಮಾ ಕಲಾವಿದರಿಗೆ ಒಟ್ಟು ವೃತ್ತಿ ಆದಾಯ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನೇ ಲಾಭವೆಂದು ತೋರಿಸುವ ಅಂದಾಜು ಪದ್ಧತಿ ಇದೆ. ಸ್ಟ್ಯಾಂಡಪ್ ಆದಾಯ ಅದರಲ್ಲಿ ಹೇಗೆ ಸೇರುತ್ತದೆ ಎಂದು ಸಿಎ ಹತ್ತಿರ ಕೇಳಿಯೇ ಮುಂದುವರಿಯಿರಿ. ಈ ಪದ್ಧತಿಯಲ್ಲಿ ಮುಂಗಡ ತೆರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ವರ್ಷದ ಸೇವಾ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ.

ಕರಾರಿನಲ್ಲಿ ಸಹಿ ಹಾಕುವ ಮುಂಚೆ ನೋಡಬೇಕಾದ್ದು: ಎಷ್ಟು ದಿನ, ಶಿಫ್ಟ್ ಮೀರಿದರೆ ಎಷ್ಟು, ಜಾಹೀರಾತು ಎಷ್ಟು ವರ್ಷ ಯಾವ ಮಾಧ್ಯಮದಲ್ಲಿ ಓಡುತ್ತದೆ, ಅಷ್ಟು ಕಾಲ ಪೈಪೋಟಿಯ ಬ್ರ್ಯಾಂಡಿಗೆ ಮಾಡುವಂತಿಲ್ಲವೇ. ‘ಎಲ್ಲ ಮಾಧ್ಯಮ, ಶಾಶ್ವತವಾಗಿ’ ಎಂಬ ಸಾಲಿಗೆ ಒಂದು ದಿನದ ಸಂಭಾವನೆ ಯಾವತ್ತೂ ಸಾಟಿಯಲ್ಲ. ಒಂದು ವರ್ಷಕ್ಕೆ ಇಳಿಸಿ ಎಂದು ಕೇಳಿ. ದನಿ, ಮುಖವನ್ನು ಎಐ ಮೂಲಕ ಮತ್ತೆ ತಯಾರಿಸುವ ಹಕ್ಕನ್ನು ಬರೆಸಿಕೊಳ್ಳುವ ಸಾಲು ಇದ್ದರೆ ಹೊಡೆದುಹಾಕಿಸಿ. 2024ರಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐ ನಕಲಿನಿಂದ ರಕ್ಷಿಸುವ ಆದೇಶ ಕೊಟ್ಟಿದೆ, ಆದರೆ ನೀವೇ ಸಹಿ ಹಾಕಿ ಕೊಟ್ಟದ್ದನ್ನು ಮರಳಿ ಪಡೆಯುವುದು ಕಷ್ಟ. ಕಾರ್ಪೊರೇಟ್ ಶೋಗಳಿಗೆ ಅರ್ಧ ಹಣ ಮುಂಗಡ ಬರದೆ ದಿನಾಂಕ ಕೊಡಬೇಡಿ.

ಒಂದು ನೋಟುಪುಸ್ತಕವೋ ಶೀಟೋ ಇಟ್ಟು ಪ್ರತಿ ಕೆಲಸಕ್ಕೂ ಒಂದು ಸಾಲು ಬರೆಯಿರಿ: ಶೂಟಿಂಗ್ ದಿನಾಂಕ, ನಿರ್ಮಾಣ ಸಂಸ್ಥೆ, ಕರೆದವರು, ಒಪ್ಪಿದ ಮೊತ್ತ, ಇನ್‌ವಾಯ್ಸ್ ನಂಬರ್, ಗಡುವಿನ ದಿನ, ಬಂದ ದಿನ. ಇನ್‌ವಾಯ್ಸನ್ನು ಶೂಟಿಂಗ್ ಮುಗಿದ ಮರುದಿನವೇ ಕಳಿಸಿ, ಏಕೆಂದರೆ 90 ದಿನದ ಎಣಿಕೆ ಎಷ್ಟೋ ಕಡೆ ಅದು ಕೈಸೇರಿದ ದಿನದಿಂದ ಶುರುವಾಗುತ್ತದೆ. 75ನೇ ದಿನ ಒಂದು ನೆನಪಿನ ಮೆಸೇಜು. 91ನೇ ದಿನ ಇಮೇಲ್, ಅದರಲ್ಲಿ ಕೋಪದ ಮಾತು ಬೇಡ, ಶೂಟಿಂಗ್ ದಿನಾಂಕ, ಮೊತ್ತ, ಇನ್‌ವಾಯ್ಸ್ ನಂಬರ್ ಮತ್ತು ‘ಈ ಶುಕ್ರವಾರದೊಳಗೆ ಯಾವ ದಿನ ಜಮಾ ಆಗುತ್ತದೆಂದು ತಿಳಿಸಿ’ ಎಂಬ ಒಂದೇ ಸಾಲು. ಉತ್ತರ ಬರದಿದ್ದರೆ ಅದೇ ಇಮೇಲಿನ ಪ್ರತಿ, ಲಾಕ್ ಮಾಡಿದ ದಿನದ ಮೆಸೇಜಿನ ಸ್ಕ್ರೀನ್‌ಶಾಟ್, ಕಾಲ್ ಶೀಟ್ ಮೂರನ್ನೂ ಜೋಡಿಸಿ ಸಿಂಟಾದಂಥ ನಟರ ಸಂಘಟನೆಗೆ ಕೊಡಿ.